ಒಂದೇ ಬೆಂಚಿನ ಮೇಲೆ ಮೂರು ಇಲಾಖೆ

ಅಥವಾ ಬೀದಿಯನ್ನು ಮೊದಲು ಅಗೆದವರು ಟೆಲಿಫೋನಿನವರೇ ಇರಬೇಕು. ನೀರಿನವರು ಎಂದೇ ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ಆದರೆ ನನ್ನ ನೆನಪು ತನಗೆ ಬೇಕಾದವರ ಕೈಗೆ ಹಾರೆ ಕೊಟ್ಟುಬಿಡುತ್ತದೆ. ಎಂಬತ್ತರ ದಶಕದ ಮೊದಲಲ್ಲಿ ತುಮಕೂರಿನ ನಮ್ಮ ಪೇಟೆ ಬೀದಿಗೆ ಟಾರು ಬೀಳುವ ಮೊದಲು ನೀರಿನವರು, ಕರೆಂಟಿನವರು, ಟೆಲಿಫೋನಿನವರು ತಂತಮ್ಮ ಕೆಲಸ ಮುಗಿಸಬೇಕಿತ್ತು. ಅವರನ್ನು ಹೊಂದಿಸುವುದು ನಗರಸಭೆಯ ಗುಮಾಸ್ತನಾದ ನನ್ನ ಪಾಲಿಗೆ ಬಂತು. ಅದಕ್ಕೆ ಸಮನ್ವಯ ಎಂದು ಹೆಸರು. ಮನೆಯಲ್ಲಿ ಬಚ್ಚಲಿಗೆ ಹೋಗುವ ಸರದಿಯನ್ನೇ ನಾನು ಎಂದೂ ಹೊಂದಿಸಿದವನಲ್ಲ.

ಒಬ್ಬರು ಅಗೆದು, ತಮ್ಮ ಪೈಪೋ ಕೇಬಲ್ಲೋ ಹೂತು, ಶ್ರದ್ಧೆಯಿಂದ ಮಣ್ಣು ಮುಚ್ಚಿ ಹೋದ ಮೇಲೆಯೇ ಇನ್ನೊಬ್ಬರು ಅದೇ ಜಾಗಕ್ಕೆ ಬರುತ್ತಿದ್ದರು. ಸಭೆ ಕರೆದರೆ, ಒಬ್ಬರ ಆಫೀಸಿಗೆ ಇನ್ನೊಬ್ಬರು ಹೋಗುವುದು ಮರ್ಯಾದೆಯ ಪ್ರಶ್ನೆ. ಇತ್ತ ರಂಜಾನ್ ಹಬ್ಬ ಹತ್ತಿರವಾಗಿತ್ತು. ಟೈಲರ್ ಖಾದರ್ ಸಾಬರ ಗಿರಾಕಿಗಳು ಗುಂಡಿಯ ಮೇಲಿನ ಹಲಗೆ ದಾಟಲು ಹೆದರಿ ಬೇರೆ ಬೀದಿಗೆ ಹೋಗುತ್ತಿದ್ದರು.

"ಹಬ್ಬದ್ ಸೀಜನ್ ಹೋದ್ರೆ ನನ್ ವರ್ಷಾನೇ ಹೋಯ್ತು ಸಾಮಿ," ಎಂದರು ಸಾಬರು.

"ನಾನೇನ್ ಮಾಡ್ಲಿ ಸಾಬ್ರೇ, ಮೂರು ಎಂಜಿನಿಯರ್ರೂ ಒಂದ್ ಕಡೆ ಕೂರಲ್ಲ."

"ಮೂರೂ ಜನದ್ ಪ್ಯಾಂಟು ನನ್ ಹತ್ರಾನೇ ಐತೆ, ಬುಡಿ."

ಸಾಬರು ವಾಯಿದೆ ಕೊಟ್ಟಿದ್ದ ಶನಿವಾರ ಸಂಜೆ ಮೂವರೂ ಪ್ಯಾಂಟಿಗೆ ಬಂದರು; ನಾನೂ ನನ್ನದಕ್ಕೆ ಹೋಗಿದ್ದೆ. ಯಾರದೂ ಆಗಿರಲಿಲ್ಲ. "ಕೂತ್ಕಳಿ, ಬಟನ್ನಿಗೆ ಕಾಜಾ ಹಾಕೋದೊಂದೇ ಬಾಕಿ," ಎಂದು ಸಾಬರು, ತಾವು ಉಪವಾಸವಿದ್ದೂ, ನಮಗೆ ಟೀ ತರಿಸಿದರು. ಅಂಗಡಿಯಲ್ಲಿದ್ದದ್ದು ಒಂದೇ ಬೆಂಚು. ಮಿಷನ್ನಿನ ಸದ್ದು ಕೇಳುತ್ತ ಎಷ್ಟು ಹೊತ್ತು ಸುಮ್ಮನಿರಲಾದೀತು?

"ನಿಮ್ ಪೈಪು ಎಷ್ಟ್ ಆಳದಾಗಿರ್ತವೆ?" ಕೊನೆಗೆ ಕರೆಂಟಿನವರು ಕೇಳಿದರು.

"ಯಾಕ್ರೀ, ನಿಮ್ಮೋರು ಒಡೆದಾಗ ನೋಡ್ಲಿಲ್ವಾ?" ಎಂದರು ನೀರಿನವರು.

ಟೆಲಿಫೋನಿನವರು ಟೀ ಚೆಲ್ಲುವಷ್ಟು ನಕ್ಕರು. ನಕ್ಕವರೇ ಸಾಬರ ಸೀಮೆಸುಣ್ಣ ಎತ್ತಿಕೊಂಡು, ಮೇಜಿನ ಮೇಲಿದ್ದ ಬಟ್ಟೆಯ ಮೇಲೆ ಬೀದಿ ಬರೆದರು. ಒಂದೇ ಸಲ ಅಗೆಯುವುದು, ಒಂದು ಪಕ್ಕ ಪೈಪು, ಇನ್ನೊಂದು ಪಕ್ಕ ಕೇಬಲ್ಲು, ಒಂದೇ ಸಲ ಮುಚ್ಚುವುದು. ಉಳಿದಿಬ್ಬರೂ ಬಗ್ಗಿ ಗೆರೆ ತಿದ್ದಿದರು. ಆಗ ನೋಡಿದೆ, ಅದು ನಾನು ಪ್ಯಾಂಟಿಗೆಂದು ಕೊಟ್ಟ ಬಟ್ಟೆ. ಅದಕ್ಕಿನ್ನೂ ಕತ್ತರಿಯೇ ಬಿದ್ದಿರಲಿಲ್ಲ.

ಹಬ್ಬಕ್ಕೆ ಮೊದಲೇ ಬೀದಿ ಸಮವಾಯಿತು, ಗಿರಾಕಿಗಳು ಬಂದರು, ಆಫೀಸಿನಲ್ಲಿ ಸಮನ್ವಯಕ್ಕಾಗಿ ನನ್ನನ್ನು ಹೊಗಳಿದರು. ಸಾಬರು ಉಪಾಯದಿಂದ ತಡಮಾಡಿದರೋ, ಎಲ್ಲ ಟೈಲರುಗಳಂತೆ ಸುಮ್ಮನೆ ತಡಮಾಡಿದರೋ? ಉಪಾಯವೇ ಆಗಿದ್ದರೆ ನನ್ನ ಪ್ಯಾಂಟೇನು ತಪ್ಪು ಮಾಡಿತ್ತು? ಕೇಳಿದಾಗಲೆಲ್ಲ, "ಶನಿವಾರ ಬನ್ನಿ ಸಾಮಿ, ಹೇಳ್ತೀನಿ," ಎನ್ನುತ್ತಿದ್ದರು. ಎಷ್ಟೋ ಶನಿವಾರ ಹೋಗಿ ಆ ಬೆಂಚಿನ ಮೇಲೆ ಕೂತಿದ್ದೇನೆ. ನನಗೆ ಇಂದಿಗೂ ಗೊತ್ತಿಲ್ಲ.