ಪುಟ್ಟಿಯ ಬಸ್ ಪ್ರಯಾಣ ಮತ್ತು ಕೊನೆಯ ಗುಟುಕು

ನಮ್ಮ ಚಿಕ್ಕಪ್ಪನಿಗೆ ತಲೆ ಸರಿಯಿಲ್ಲ ಎಂದು ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನಲ್ಲಿ ಎಲ್ಲರೂ ಹೇಳುತ್ತಿದ್ದರು. ನಾನು ಮಾತ್ರ ಒಪ್ಪುತ್ತಿರಲಿಲ್ಲ. ತಲೆ ಸರಿಯಾಗಿಯೇ ಇತ್ತು, ಅದರೊಳಗೆ ಒಂದು ಬೆಕ್ಕು ಕೂತಿತ್ತು ಅಷ್ಟೆ!

ಬೆಕ್ಕಿನ ಹೆಸರು ಪುಟ್ಟಿ. ತೀರಿಕೊಂಡ ನಮ್ಮ ಚಿಕ್ಕಮ್ಮ ಸಾಕಿದ್ದು. ಚಿಕ್ಕಪ್ಪನ ಮಗಳು ಮಾರ್ಟಳ್ಳಿಯಲ್ಲಿ ರೇಷ್ಮೆಹುಳು ಸಾಕುತ್ತಿದ್ದಳು. ಹುಳು ಇದ್ದ ಮನೆಗೆ ಇಲಿ ಬರದೆ ಇರುತ್ತದೆಯೆ? ಹಾಗಾಗಿ ಪ್ರತಿ ಬೆಳೆಗೂ ಪುಟ್ಟಿಗೆ ಕೊಳ್ಳೇಗಾಲದಿಂದ ಮಾರ್ಟಳ್ಳಿಗೆ ವರ್ಗವಾಗುತ್ತಿತ್ತು. ಮೇಷ್ಟ್ರಾದ ನನಗೆ ಯಳಂದೂರಿಗೆ ವರ್ಗವಾದಾಗ ಒಂದು ಟ್ರಂಕು ಸಾಕಾಗಿತ್ತು. ಪುಟ್ಟಿಗೆ ಅಷ್ಟು ಸಾಲುತ್ತಿರಲಿಲ್ಲ.

ಮುಚ್ಚಳವಿರುವ ಬಿದಿರಿನ ಬುಟ್ಟಿ. ಮುಚ್ಚಳ ಕಟ್ಟಲು ಹುರಿ. ಆ ಹುರಿ ಕಳೆದರೆ ಎಂದು ಇನ್ನೊಂದು ಹುರಿ. ಗಾಯವಾದರೆ ಅರಿಸಿನ, ಮೇಲೆ ಸುತ್ತಲು ಹಳೆ ಪಂಚೆಯ ಚೂರು. ಬಾಳೆಲೆಯಲ್ಲಿ ಮೊಸರನ್ನ, ಅದನ್ನು ಬಡಿಸಲು ತೆಂಗಿನ ಚಿಪ್ಪು. ಆ ಚಿಪ್ಪನ್ನು ಕಡ್ಡಿಯಿಂದ ತಟ್ಟದೆ ಚಿಕ್ಕಪ್ಪ ಮನೆಯಲ್ಲಿಯೂ ಪುಟ್ಟಿಗೆ ಅನ್ನ ಹಾಕುತ್ತಿರಲಿಲ್ಲ. ಯಾಕೆಂದು ಕೇಳಿದೆ.

"ದಾರೀಲಿ ತಪ್ಪುಸ್ಕಂಡ್ರೆ ಎಂಗ್ಲಾ ಕರೆಯದು? ಪುಟ್ಟಿ ಅಂತ ಕೂಗುದ್ರೆ ಅರ್ಧ ಊರಿನ ಎಣ್ಮಕ್ಕಳು ಬತ್ತವೆ."

ಇವೆಲ್ಲದರ ಮೇಲೆ ಹೆಗಲಿಗೊಂದು ನೀರು ತುಂಬಿದ ಸೋರೆಬುರುಡೆ. ಬಸ್ಸಿನಲ್ಲಿ ಯಾರು ಕೇಳಿದರೂ ಕೊಡುತ್ತಿದ್ದರು. ಆದರೆ ಕೊನೆಯ ಗುಟುಕು ಮಾತ್ರ ಯಾರಿಗೂ ಇಲ್ಲ. ಬುರುಡೆಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ, ಬಿರಡೆ ಜಡಿದುಬಿಡುತ್ತಿದ್ದರು. ಒಮ್ಮೆ ಹನೂರಿನಲ್ಲಿ ಹತ್ತಿದ ದಫೇದಾರರೊಬ್ಬರಿಗೂ ಅದೇ ಗತಿಯಾಯಿತು.

"ಇನ್ನೂ ಐತಲ್ಲಯ್ಯ, ಕೊಡು."

"ಐತೆ ಸಾ. ಅದು ಕೊಡಕ್ಕಲ್ಲ, ಇರಕ್ಕೆ."

ದಫೇದಾರರು ಮಾರ್ಟಳ್ಳಿಯವರೆಗೂ ಮೀಸೆ ನೆಕ್ಕಿಕೊಂಡು ಕೂತಿದ್ದರು.

ಒಂದು ಬೇಸಿಗೆಯಲ್ಲಿ ನಾನೂ ಅವರ ಜೊತೆ ಹೊರಟೆ. ಅಜ್ಜೀಪುರ ದಾಟಿ ಕಾಡು ಶುರುವಾದ ಮೇಲೆ ಬಸ್ಸಿನ ಟೈರು ಪಂಕ್ಚರ್ ಆಯಿತು. ಎಲ್ಲರೂ ಇಳಿದೆವು. ಚಕ್ರ ಬದಲಾಯಿಸುವ ಗಡಿಬಿಡಿಯಲ್ಲಿ ಯಾರೋ ಬುಟ್ಟಿ ಎಡವಿದರು. ಹುರಿ ಕಿತ್ತುಹೋಯಿತು, ಮೊಸರನ್ನ ಮಣ್ಣುಪಾಲಾಯಿತು. ಪುಟ್ಟಿ ಬಸ್ಸಿನ ಮುಂದಿನಿಂದಲೇ ರಸ್ತೆ ದಾಟಿ ಲಂಟಾನದ ಮೆಳೆಯೊಳಕ್ಕೆ ನುಗ್ಗಿಬಿಟ್ಟಿತು.

ಚಕ್ರ ಸರಿಯಾಯಿತು. ಆದರೆ ಡ್ರೈವರು ಸ್ಟೇರಿಂಗ್ ಮುಟ್ಟಲಿಲ್ಲ.

"ನಾ ಬಸ್ ತಗಿಯಕಿಲ್ಲ. ಬೆಕ್ಕು ಅಡ್ಡ ಓಯ್ತು."

"ಅಡ್ಡ ಓಗಿಲ್ಲ ಸಾ," ಎಂದರು ಚಿಕ್ಕಪ್ಪ. "ಅದು ಇದೇ ಬಸ್ಸಿನ ಪ್ಯಾಸೆಂಜರು. ಇಳ್ಕಂಡು ಓಯ್ತು ಅಷ್ಟೆ."

"ಇಳ್ಕಂಡು ಓದ್ರೂ ಬೆಕ್ಕು ಬೆಕ್ಕೇಯ."

ಇದಕ್ಕೆ ಯಾವ ವಕೀಲರು ಉತ್ತರ ಕೊಟ್ಟಾರು? ಕೊನೆಗೆ ಬಸ್ಸಿನಲ್ಲಿದ್ದ ಒಬ್ಬ ಅಜ್ಜಿ ತೀರ್ಪು ಹೇಳಿದರು: "ಓದ ಬೆಕ್ಕು ಅದೇ ದಾರೀಲಿ ತಿರುಗ್ ಬಂದ್ರೆ ದೋಸ ಇಲ್ಲ ಕಣಪ್ಪ."

ಅಷ್ಟು ಹೇಳಿದ್ದೇ ತಡ, ಇಡೀ ಬಸ್ಸು ಬೆಕ್ಕಿನ ಭಕ್ತರದಾಯಿತು. ಒಬ್ಬರು "ಬಾರವ್ವ ಪುಟ್ಟಿ" ಎಂದರು, ಒಬ್ಬರು ಮಿಯಾಂವ್ ಎಂದರು, ಒಬ್ಬ ಮಹಾನುಭಾವ ಬೆದರಿಸಿ ಹೊರಡಿಸಲೆಂದು ಕಲ್ಲೇ ಎಸೆದ. ಮೆಳೆ ಅಲ್ಲಾಡುವುದು ದೂರ ದೂರವಾಗುತ್ತ ನಿಂತೇಹೋಯಿತು. ರಸ್ತೆಯ ಪಕ್ಕದಲ್ಲಿ ಆನೆಯ ಹಸಿ ಲದ್ದಿ ಬಿದ್ದಿತ್ತು. ಹೊತ್ತು ಬೇರೆ ಇಳಿಯುತ್ತಿತ್ತು. ಲದ್ದಿ ಕಂಡ ಮೇಲೆ ಡ್ರೈವರಿಗೆ ಬೆಕ್ಕಿಗಿಂತ ಆನೆಯ ಭಯವೇ ಹೆಚ್ಚಾಯಿತು.

"ಬಿಸ್ಲು ಆ ಗುಡ್ಡದ ಮೇಕೆ ಓಗೋಗಂಟ ಕಾಯ್ತೀನಿ. ಆಮೇಕೆ ದೇವ್ರು ಮಡಗ್ದಂಗಾಗ್ಲಿ, ಒಂಟೋಯ್ತೀನಿ."

"ಎಲ್ರೂ ಬಾಯ್ ಮುಚ್ಕಂಡು ಬಸ್ ಅತ್ತಿ ಕೂತ್ಕಳಿ," ಎಂದು ಚಿಕ್ಕಪ್ಪ ಗದರಿದರು. ಅವರು ಗದರಿದ್ದನ್ನು ನಾನು ಕಂಡದ್ದು ಅದೇ ಮೊದಲು. ಮೆಳೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಚಿಪ್ಪು ತಟ್ಟತೊಡಗಿದರು. ಟಕ್ ಟಕ್. ನಿಲ್ಲಿಸಿ ಕಿವಿಗೊಟ್ಟರು. ಏನೂ ಇಲ್ಲ. ಮತ್ತೆ ತಟ್ಟಿದರು. ಅಜ್ಜಿಗೆ ಬಾಯಾರಿತೆಂದು ಯಾರೋ ಬಂದು ಕೇಳಿದರು. ಬುರುಡೆ ಕೊಟ್ಟರು. ಅದು ಕೈಯಿಂದ ಕೈಗೆ ಹೋಗಿ ಬಂತು. ಅಲ್ಲಾಡಿಸಿ ನೋಡಿ, ಕೊನೆಯ ಗುಟುಕು ಉಳಿಸಿಕೊಂಡು ಬಿರಡೆ ಹಾಕಿದರು. ಇಂಥಾ ಹೊತ್ತಿನಲ್ಲೂ ಈ ಹುಚ್ಚೇ ಎಂದು ನನಗೆ ಸಿಟ್ಟು ಬಂತು.

ಬಿಸಿಲು ಗುಡ್ಡ ಹತ್ತಿತು. ಡ್ರೈವರು ಇಂಜಿನ್ ಚಾಲು ಮಾಡಿ ಹಾರನ್ ಹೊಡೆದರು.

"ಬನ್ನಿ ಚಿಕ್ಕಪ್ಪ, ಒಂದು ಬೆಕ್ಕಿಗೋಸ್ಕರ ಇಬ್ಬರೂ ಆನೆ ಕಾಲಿಗೆ ಸಿಕ್ಕೋದಾ?" ಎಂದು ರಟ್ಟೆ ಹಿಡಿದು ಎಳೆದೆ.

"ಓಗದಾದ್ರೆ ನೀನೋಗು."

ಟಕ್ ಟಕ್. ಬಸ್ಸು ಒಂದು ಮಾರು ಸರಿಯಿತು. ಆಗ ಲಂಟಾನದ ಬುಡದಲ್ಲಿ ಒಂದು ಮೂತಿ ಕಂಡಿತು. ಪುಟ್ಟಿ ಒಂದು ಕಾಲು ಎತ್ತಿಕೊಂಡು, ನಾಯಿಯಂತೆ ಬಾಯಿ ತೆರೆದು ಏದುಸಿರು ಬಿಡುತ್ತ ಬಂದು ಚಿಪ್ಪಿನ ಪಕ್ಕ ಮಲಗಿತು. ಅನ್ನವಿಲ್ಲ. ಚಿಕ್ಕಪ್ಪ ಬುರುಡೆಯ ಬಿರಡೆ ಕಿತ್ತು ಕೊನೆಯ ಗುಟುಕನ್ನು ಚಿಪ್ಪಿಗೆ ಬಗ್ಗಿಸಿದರು. ಅದು ನೆಕ್ಕಿ ಮುಗಿಸುವವರೆಗೂ ಉಸಿರು ಬಿಡಲಿಲ್ಲ. ಆಮೇಲೆ ಕಾಲಿನ ಮುಳ್ಳು ತೆಗೆದು, ಅರಿಸಿನ ಮೆತ್ತಿ, ಪಂಚೆಯ ಚೂರು ಸುತ್ತಿ, ಬೆಕ್ಕನ್ನು ಎದೆಗವಚಿಕೊಂಡು ಬಸ್ಸಿನ ಮುಂದಿನಿಂದಲೇ ರಸ್ತೆ ದಾಟಿ ಬಂದರು. "ದೋಸ ಕಳೀತು," ಎಂದರು ಅಜ್ಜಿ. ಡ್ರೈವರು ಕೈಮುಗಿದು ಗೇರು ಹಾಕಿದರು.

ಬಸ್ಸಿನಲ್ಲಿ ನಾನು ರೇಗಿಸಿದೆ. "ದಫೇದಾರರಿಗೆ ಇಲ್ಲದ ನೀರು ಬೆಕ್ಕಿಗೆ ಸಿಕ್ಕಿತಲ್ಲ ಚಿಕ್ಕಪ್ಪ. ಬುರುಡೆ ಇವತ್ತು ಖಾಲಿ."

ಅವರು ನಗಲಿಲ್ಲ. ಕಿಟಕಿಯಾಚೆ ನೋಡುತ್ತ ಮೆಲ್ಲಗೆ ಹೇಳಿದರು.

"ನಿಮ್ ಚಿಕ್ಕವ್ವನ್ನ ಮಾರ್ಟಳ್ಳಿಯಿಂದ ಆಸ್ಪತ್ರೆಗೆ ಇದೇ ದಾರೀಲಿ ಕರ್ಕ ಬತ್ತಿದ್ದೆ ಕಣ್ಲಾ. ಬಸ್ ಕೆಟ್ ನಿಂತ್ಕತು. ಮೈಯೆಲ್ಲ ಕೆಂಡ. ನೀರು ಅಂದ್ಲು. ನನ್ತಾವ ಏನಿತ್ತು? ಅಳ್ಳ ಉಡುಕ್ಕಂಡು ಓಗಿ, ಟವಲ್ ನೆನಸ್ಕಂಡು ಓಡ್ ಬಂದೆ. ಅಷ್ಟೊತ್ತಿಗೆ ಕೇಳದು ನಿಲ್ಸಿದ್ಲು."

ಚಿಕ್ಕಮ್ಮ ಜ್ವರ ಬಂದು ಹೋದರು ಎಂದಷ್ಟೇ ಯಳಂದೂರಿನಲ್ಲಿದ್ದ ನನಗೆ ಗೊತ್ತಿತ್ತು. ಚಿಕ್ಕಪ್ಪ ಮಡಿಲಲ್ಲಿ ನಿದ್ದೆಹೋಗಿದ್ದ ಪುಟ್ಟಿಯ ಬೆನ್ನು ಸವರಿದರು.

"ಇವತ್ತು ಕೇಳ್ತು. ಇತ್ತು. ಕೊಟ್ಟೆ."

ಮಾರ್ಟಳ್ಳಿಯಲ್ಲಿ ಇಳಿದೆವು. ಅವರು ಬೆಕ್ಕನ್ನು ಎತ್ತಿಕೊಂಡು ಮಗಳ ಮನೆಯ ಕಡೆ ನಡೆದರು. ನಾನು ಬುರುಡೆ ತೆಗೆದುಕೊಂಡು ಮೊದಲು ಬಾವಿಯ ಹತ್ತಿರ ಹೋದೆ.