ಥೈರಾಯ್ಡ್ ಮಾತ್ರೆಯೂ ಲೆಕ್ಕಕ್ಕಿಲ್ಲದ ಚಹಾವೂ

ಕಾಯಿಲೆಗಳಲ್ಲೂ ಮರ್ಯಾದೆ ಇರುವವು, ಇಲ್ಲದವು ಎಂದು ಎರಡು ಜಾತಿ. ಪಿತ್ತಕೋಶದಲ್ಲಿ ಕಲ್ಲು ಸಿಕ್ಕಿತೆಂದರೆ ನೆಂಟರೆಲ್ಲ ಎಳನೀರು, ಮೋಸಂಬಿ ಹಿಡಿದುಕೊಂಡು ಬಂದು ಮಂಚದ ಸುತ್ತ ಕೂರುತ್ತಾರೆ. ಥೈರಾಯ್ಡ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂದು ಹೇಳಿ ನೋಡಿ, ಒಬ್ಬರೂ ಒಂದು ಬಾಳೆಹಣ್ಣು ತರುವುದಿಲ್ಲ. ನಿಮ್ಮನ್ನು ಮೇಲಿನಿಂದ ಕೆಳಗೆ ಒಮ್ಮೆ ನೋಡಿ, "ಅದಕ್ರಿ ಟೀಚರ್, ನೀವು ಹಿಂಗಾಗಿದ್ದು" ಎನ್ನುತ್ತಾರೆ. ಹಿಂಗೆ ಎಂದರೆ ಹೆಂಗೆ ಎಂದು ಕೇಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ. ನಾನು ಹೊಸಪೇಟೆಯ ಹೈಸ್ಕೂಲೊಂದರಲ್ಲಿ ಸಮಾಜ ವಿಜ್ಞಾನ ಕಲಿಸುವವಳು. ನನ್ನ ಪಾಠಕ್ಕೆ ಮಕ್ಕಳು ತೂಕಡಿಸುವುದು ಹಳೆಯ ಪದ್ಧತಿ. ಕಳೆದ ವರ್ಷ ನಾನೇ ತೂಕಡಿಸತೊಡಗಿದೆ. ಬಾಚಣಿಗೆಗೆ ಕೈತುಂಬ ಕೂದಲು ಬರತೊಡಗಿತು. ಏಪ್ರಿಲ್ ಬಿಸಿಲಿಗೆ ಊರಿಗೆ ಊರೇ ಬೇಯುತ್ತಿದ್ದಾಗ ನಾನೊಬ್ಬಳು "ಫ್ಯಾನ್ ಆರಿಸ್ರಿ, ಚಳಿ" ಎಂದು ಹೇಳಿ ಸ್ಟಾಫ್ ರೂಮಿನ ಎಲ್ಲರ ವೈರ ಕಟ್ಟಿಕೊಂಡೆ. ಕೊನೆಗೆ ಹೆಡ್‌ಮಿಸ್ಟ್ರೆಸ್ ಅವರೇ ಗದರಿಸಿ ರಕ್ತ ಪರೀಕ್ಷೆಗೆ ಕಳಿಸಿದರು.

ಡಾಕ್ಟರಮ್ಮ ಮಾತ್ರೆ ಬರೆದುಕೊಟ್ಟು ಹೇಳಿದ್ದು ಬಹಳ ಸರಳ. "ಮುಂಜಾನೆ ಎದ್ದ ಕೂಡ್ಲೆ ಖಾಲಿ ಹೊಟ್ಟಿಲೆ ನೀರಿನ ಜೊತಿ ನುಂಗ್ರಿ. ಆಮ್ಯಾಲೆ ಒಂದು ತಾಸು ಏನೂ ತಗೋಬ್ಯಾಡ್ರಿ. ಕರಿದದ್ದು ಕಡಿಮಿ ಮಾಡ್ರಿ, ಅಡ್ಡಾಡ್ರಿ." ಇಷ್ಟು ಕಡಿಮೆ ಪಥ್ಯ ಹೇಳುವ ಡಾಕ್ಟರ ಮೇಲೆ ಯಾರಿಗಾದರೂ ನಂಬಿಕೆ ಹುಟ್ಟುತ್ತದೆಯೇ? ಉಳಿದ ಪಥ್ಯವನ್ನು ಮೊಬೈಲು ಹೇಳಿತು, ಅದು ಬಿಟ್ಟದ್ದನ್ನು ನಮ್ಮ ಅತ್ತೆ ಹೇಳಿದರು. ಅತ್ತೆ ಕಂಪ್ಲಿ ಕಡೆಯವರು, ಗದ್ದೆ ಸೀಮೆಯಲ್ಲಿ ಮೂರು ಹೊತ್ತು ಅನ್ನ ಉಂಡು ಬೆಳೆದವರು. ಅಂಥವರು ನನ್ನ ತಟ್ಟೆಯ ಅನ್ನವನ್ನು ನೋಡಿ, "ಇಷ್ಟ್ಯಾಕವಾ? ಒಂದು ಸೌಟು ತೆಗಿ" ಎನ್ನಲು ಶುರು ಮಾಡಿದರು. ಕೋಸಿನ ಪಲ್ಯ ಹೋಯಿತು. ಹೂಕೋಸು ಹೋಯಿತು. ಶೇಂಗಾ ಚಟ್ನಿಯನ್ನು ಕಂಡರೆ ಮುಖ ತಿರುಗಿಸಬೇಕೆಂದಾಯಿತು. ಒಗ್ಗರಣೆ ಮಂಡಕ್ಕಿ ಉಳಿಯಿತು, ಆದರೆ ಜೊತೆಗೆ ಕಚ್ಚಿಕೊಳ್ಳುವ ಮಿರ್ಚಿ ಹೋಯಿತು. ಮಿರ್ಚಿ ಇಲ್ಲದ ಮಂಡಕ್ಕಿಯನ್ನು ನಮ್ಮ ಊರಿನಲ್ಲಿ ತಿನ್ನುವುದು ಎಂಥ ಅವಮಾನ ಎಂದು ಬೇರೆ ಊರಿನವರಿಗೆ ಹೇಗೆ ಹೇಳಲಿ! ಸಂಜೆ ಕಾಲುವೆ ದಂಡೆಯ ಮೇಲೆ ನಲವತ್ತು ನಿಮಿಷ ನಡೆದೆ. ಅಲ್ಲಿ ಬಜ್ಜಿಯ ಗಾಡಿ ಕಂಡಾಗ ಉಸಿರು ಬಿಗಿಹಿಡಿದೂ ನಡೆದೆ. ಇಷ್ಟು ತ್ಯಾಗ ಮಾಡಿದವಳಿಗೆ ಸಹಜವಾಗಿಯೇ ಒಂದಿಷ್ಟು ಗರ್ವ ಬಂತು.

ಇನ್ನು ನಮ್ಮ ಮನೆಯ ಚಹಾದ ವಿಷಯ ಹೇಳಬೇಕು. ನಮ್ಮ ಮನೆಯವರು ತೋರಣಗಲ್ಲಿನ ಕಾರ್ಖಾನೆಯಲ್ಲಿ ಶಿಫ್ಟಿನ ಮೇಲೆ ಇದ್ದಾರೆ. ಒಂದು ವಾರ ನಸುಕಿನಲ್ಲಿ ಐದು ಗಂಟೆಯ ಬಸ್ಸಿಗೆ ಹೋಗುತ್ತಾರೆ, ಒಂದು ವಾರ ಮಧ್ಯಾಹ್ನ ಹೋಗುತ್ತಾರೆ, ಇನ್ನೊಂದು ವಾರ ಬೆಳಿಗ್ಗೆ ಏಳಕ್ಕೆ ಕಣ್ಣು ಕೆಂಪಗೆ ಮಾಡಿಕೊಂಡು ಮನೆಗೆ ಬರುತ್ತಾರೆ. ಅವರು ಎದ್ದಾಗ ನಾನು ಶಾಲೆಯಲ್ಲಿ, ನಾನು ಬಂದಾಗ ಅವರು ನಿದ್ದೆಯಲ್ಲಿ. ಇಪ್ಪತ್ತೆರಡು ವರ್ಷದ ಈ ಸಂಸಾರದಲ್ಲಿ ಯಾವ ಶಿಫ್ಟಿದ್ದರೂ ತಪ್ಪದೆ ಉಳಿದದ್ದು ಒಂದೇ. ಬೆಳಿಗ್ಗೆ ಇಬ್ಬರೂ ಎದುರುಬದುರು ಕೂತು ಕುಡಿಯುವ ಚಹಾ. ಇಪ್ಪತ್ತು ನಿಮಿಷ. ಜಗಳ, ರಾಜಿ, ಮಗಳ ಕಾಲೇಜು, ಗ್ಯಾಸ್ ಸಿಲಿಂಡರು, ಎಲ್ಲ ಅಷ್ಟರಲ್ಲೇ ಆಗಬೇಕು. ಆ ಇಪ್ಪತ್ತು ನಿಮಿಷ ಇಲ್ಲದಿದ್ದರೆ ನಾವು ಗಂಡ ಹೆಂಡಿರಲ್ಲ, ಒಂದೇ ಮನೆಯ ಇಬ್ಬರು ಬಾಡಿಗೆದಾರರು. ಹಾಗಾಗಿ ನಾನು ಎದ್ದು ಮಾತ್ರೆ ನುಂಗಿ, ಒಲೆ ಹಚ್ಚಿ, ಹತ್ತು ನಿಮಿಷಕ್ಕೆ ಚಹಾದ ಲೋಟ ಹಿಡಿದು ಕೂರುತ್ತಿದ್ದೆ.

ಡಾಕ್ಟರಮ್ಮ ಒಂದು ತಾಸು ಏನೂ ತಗೋಬೇಡಿ ಎಂದಿದ್ದರಲ್ಲ ಎಂದು ನೀವು ಕೇಳುತ್ತೀರಿ. ಸ್ವಾಮಿ, ಚಹಾ ಯಾವಾಗಿನಿಂದ 'ಏನೋ' ಆಯಿತು? ಶ್ರಾವಣ ಸೋಮವಾರ ಅತ್ತೆ ಒಪ್ಪತ್ತು ಹಿಡಿಯುತ್ತಾರೆ. ಸಂಜೆಯ ಪೂಜೆ ಆಗುವತನಕ ನಾಲ್ಕು ಸಲ ಚಹಾ ಆಗುತ್ತದೆ. ಪಕ್ಕದ ಮನೆಯವರು ಕೇಳಿದರೆ, "ಮುಂಜಾನಿಂದ ಹೊಟ್ಟಿಗೆ ಏನೂ ಇಲ್ಲವಾ ನನಗ" ಎಂದು ಪೂರ್ಣ ಪ್ರಾಮಾಣಿಕತೆಯಿಂದ ಹೇಳುತ್ತಾರೆ. ಯಾರೂ ನಗುವುದಿಲ್ಲ. ಮೂರು ಲೋಟ ಚಹಾ ಕುಡಿದು ಬಂದ ಅತಿಥಿಯನ್ನೂ ನಾವು "ಖಾಲಿ ಹೊಟ್ಟಿಲೆ ಬಂದೀರಿ" ಎಂದೇ ಮರುಗುವವರು. ಶಿವನೇ ಒಪ್ಪಿಕೊಂಡ ಖಾಲಿ ಹೊಟ್ಟೆಯನ್ನು ಮಾತ್ರೆ ಒಪ್ಪುವುದಿಲ್ಲ ಎಂದು ನನಗೆ ಹೇಗೆ ಹೊಳೆಯಬೇಕು?

ಆರು ತಿಂಗಳ ಮೇಲೆ ಮತ್ತೆ ರಕ್ತ ಕೊಟ್ಟೆ. ಶಹಬ್ಬಾಸ್‌ಗಿರಿ ಪಡೆಯಲೆಂದು ಇದ್ದುದರಲ್ಲೇ ಒಳ್ಳೆಯ ಸೀರೆ ಉಟ್ಟು ಆಸ್ಪತ್ರೆಗೆ ಹೋದೆ. ಡಾಕ್ಟರಮ್ಮ ರಿಪೋರ್ಟು ನೋಡಿದರು, ನನ್ನನ್ನು ನೋಡಿದರು, ಮತ್ತೆ ರಿಪೋರ್ಟು ನೋಡಿದರು. "ಅಂಕಿ ಮೊದಲಿಗಿಂತ ಜಾಸ್ತಿ ಆಗೈತಲ್ರಿ! ಮಾತ್ರಿ ತಪ್ಪಿಸೀರೇನು?"

ನನಗೆ ಸಿಟ್ಟೇ ಬಂತು. "ಒಂದು ದಿನ ತಪ್ಪಿಸಿಲ್ರಿ. ಕೋಸು ಬಿಟ್ಟೀನಿ, ಶೇಂಗಾ ಬಿಟ್ಟೀನಿ, ಮಿರ್ಚಿ ಬಿಟ್ಟೀನಿ. ಲ್ಯಾಬಿನ ಮಷಿನ್ನು ಕೆಟ್ಟಿರಬೇಕು ನೋಡ್ರಿ."

"ಬೇಯಿಸಿದ ಕೋಸು ತಿನಬ್ಯಾಡ್ರಿ ಅಂತ ನಾ ಯಾವಾಗ ಹೇಳಿದೆ? ಹದಾ ನೋಡಿ ತಿನ್ರಿ. ಅದಿರಲಿ, ಮಾತ್ರಿ ನುಂಗಿ ಎಷ್ಟೊತ್ತಿಗೆ ನಾಷ್ಟಾ ಮಾಡ್ತೀರಿ?"

"ಎರಡು ತಾಸು ಬಿಟ್ಟು," ಎಂದೆ ಎದೆಯುಬ್ಬಿಸಿ.

"ಚಹಾ?"

"ಅದು ಹತ್ತು ನಿಮಿಷಕ್ಕ. ಬರೇ ಚಹಾ ರೀ, ಹೊಟ್ಟಿಗೆ ಏನೂ ತಗೊಳಲ್ಲ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ನಕ್ಕ ನಗೆ ಹೊರಗೆ ಕೂತ ರೋಗಿಗಳಿಗೂ ಕೇಳಿರಬೇಕು. ಹಾಲು ಹಾಕಿದ ಚಹಾ ಹಿಂದಿನಿಂದಲೇ ಬಿದ್ದರೆ ಮಾತ್ರೆ ಮೈಗೆ ಸರಿಯಾಗಿ ಹತ್ತುವುದಿಲ್ಲವಂತೆ. ಆರು ತಿಂಗಳು ಪಥ್ಯ ಮಾಡಿದ್ದು ನಾನೊಬ್ಬಳೇ, ಮಾತ್ರೆಯನ್ನು ದಿನಾ ಚಹಾದಲ್ಲಿ ತೇಲಿಬಿಟ್ಟಿದ್ದೆ. "ಒಂದು ತಾಸು ತಡೀರಿ. ಮತ್ತ ಹಿಂಗ ಬಂದ್ರ ಡೋಸ್ ಏರಿಸಬೇಕಾಗತೈತಿ," ಎಂದು ಕಳಿಸಿದರು.

ದಾರಿಯುದ್ದಕ್ಕೂ ಡೋಸಿನ ಚಿಂತೆ ನನಗಿರಲಿಲ್ಲ, ಚಹಾದ ಚಿಂತೆ ಇತ್ತು. ನಸುಕಿನ ಶಿಫ್ಟಿನ ವಾರ ನಾನು ತಾಸು ಕಾದರೆ ಅವರ ಬಸ್ಸು ಅಷ್ಟರಲ್ಲಿ ಕಾರ್ಖಾನೆಯ ಗೇಟು ಮುಟ್ಟಿರುತ್ತದೆ. ಒಂದು ತಾಸು ಮುಂಚೆ ಎದ್ದು ಮಾತ್ರೆ ನುಂಗಬಹುದಲ್ಲ ಎನ್ನುತ್ತೀರಾ? ಥೈರಾಯ್ಡ್ ಚೆನ್ನಾಗಿರುವವರು ಮಾತ್ರ ಇಂಥ ಸಲಹೆ ಕೊಡುತ್ತಾರೆ. ಮರುದಿನ ನಸುಕಿನಲ್ಲಿ ಅಳುಕುತ್ತಲೇ ಮನೆಯವರಿಗೆ ಎಲ್ಲ ಹೇಳಿದೆ. ಅವರು ಶೂಗೆ ಲೇಸು ಕಟ್ಟುತ್ತ, ತಲೆ ಎತ್ತದೆ, "ಅಷ್ಟೇ ಹೌದಿಲ್ಲೋ? ಚಹಾ ಬಿಟ್ಟುಬಿಡೋಣ ತಗೋ" ಎಂದರು.

ಇಪ್ಪತ್ತೆರಡು ವರ್ಷದ ಚಹಾ! ಅದನ್ನು ಲೇಸು ಕಟ್ಟುತ್ತ ಬಿಟ್ಟರು! ನನಗೆ ಅಳು ಬಂದೇಬಿಟ್ಟಿತು. "ನಿಮಗ ಅಷ್ಟು ಸಲೀಸಾತೇನ್ರಿ?" ಎಂದೆ. ಅವರು ಗಾಬರಿಯಾಗಿ ನನ್ನ ಮುಖ ನೋಡಿದರು. "ಅಯ್ಯ ಹುಚ್ಚಿ, ಚಹಾ ಬಿಡೋಣ ಅಂದೆ. ಕುಂದ್ರೋದು ಬಿಡೋಣ ಅಂದೆನೇನು? ಚಹಾ ಕ್ಯಾಂಟೀನಿನ್ಯಾಗೂ ಸಿಗತೈತಿ. ನೀ ಸಿಗತೀಯೇನು ಅಲ್ಲಿ?" ಎಂದರು. ಆಮೇಲೆ ತಾವು ಹೇಳಿದ್ದಕ್ಕೆ ತಾವೇ ನಾಚಿ, ಬಸ್ಸು ತಪ್ಪುತ್ತದೆಂದು ಟಿಫಿನ್ ಡಬ್ಬಿ ಮರೆತು ಓಡಿದರು. ನಾನು ಆ ಡಬ್ಬಿ ಹಿಡಿದು ಬಾಗಿಲಲ್ಲಿ ಬಹಳ ಹೊತ್ತು ನಿಂತಿದ್ದೆ.

ಅಂದಿನಿಂದ ಯಾವ ಶಿಫ್ಟಿದ್ದರೂ ಮಾತ್ರೆ ನುಂಗಿದ ಮೇಲೆ ನಮ್ಮಿಬ್ಬರ ಕೈಯಲ್ಲಿ ಒಂದೊಂದು ಲೋಟ ಬಿಸಿನೀರು ಇರುತ್ತದೆ. ಚಹಾದ ಸರದಿ ತಾಸಾದ ಮೇಲೆ; ಅವರು ಇದ್ದರೆ ಇಬ್ಬರಿಗೂ, ಬಸ್ಸು ಹತ್ತಿದ್ದರೆ ನನಗೊಬ್ಬಳಿಗೇ. ಹೊಸ ರಿಪೋರ್ಟಿನಲ್ಲಿ ಅಂಕಿ ಇಳಿದಿದೆ, ಡೋಸು ಏರಲಿಲ್ಲ, ಕೋಸೂ ಮನೆಗೆ ಬಂದಿದೆ. ನಮ್ಮ ಮನೆಯವರಂತೂ ಮೊನ್ನೆ ಅವರ ತಾಯಿಯ ಮುಂದೆ ಹೆಮ್ಮೆಯಿಂದ ಹೇಳುತ್ತಿದ್ದರು: "ಮೊದಲ ಈಕಿ ಲೋಟದಾಗ ಕಣ್ಣಿಟ್ಟು ಕುಂದ್ರತಿದ್ಲು. ಈಗ ನೋಡವಾ, ರೆಪ್ಪಿ ಬಡೀದಂಗ ನನ್ನ ಕಡೇನ ನೋಡಿಕೋತ ಕುಂದ್ರತಾಳ." ನಾನು ನಾಚಿದವಳಂತೆ ತಲೆ ತಗ್ಗಿಸಿದೆ. ನಮ್ಮ ಗೋಡೆ ಗಡಿಯಾರ ಇರುವುದು ಸರಿಯಾಗಿ ಅವರ ತಲೆಯ ಹಿಂದೆ.