ನೂರಕ್ಕ ಎಷ್ಟವಾ?

ಜಗತ್ತಿನಲ್ಲಿ ನಮ್ಮ ಕಾಕಾನಿಗೆ ಸಿಟ್ಟು ತರಿಸದ ವಿಷಯವೇ ಇಲ್ಲ. ಹಾಗೆಂದು ಯಾರಾದರೂ ಹೇಳಿದರೆ ಅದಕ್ಕೂ ಸಿಟ್ಟು! ಅವನ ಊರು ದೊಡವಾಡಕ್ಕೆ ಬಸ್ಸು ತಡವಾಗಿ ಬಂದರೆ ಕಂಡಕ್ಟರನ ಜೊತೆ ಜಗಳ, ಹೊತ್ತಿಗೆ ಸರಿಯಾಗಿ ಬಂದರೆ, "ನಾ ಚಾ ಕುಡಿಯೂದರಾಗ ಹೆಂಗ ಬಂದಿ?" ಎಂದು ಇನ್ನೊಂದು ಜಗಳ.

ಇಂಥ ಮನುಷ್ಯ ಈ ವರ್ಷ, ಮಗ-ಸೊಸೆಯನ್ನು ಮನೆಯಲ್ಲೇ ಬಿಟ್ಟು, ಬೈಲಹೊಂಗಲದ ನಮ್ಮ ಶಾಲೆಯ ಪಾಲಕರ ಸಭೆಗೆ ತಾನೇ ಬಂದ. ದಿನಾ ಅದೇ ಬಸ್ಸಿಗೆ ಬರುವ ಅವನ ಮೊಮ್ಮಗಳು ನಾನು ಕಲಿಸುವ ಮೂರನೇ ತರಗತಿಯಲ್ಲಿದ್ದಾಳೆ. ಇನ್ನು ಮುಂದೆ ಅಂಕವಿಲ್ಲ, ರ‍್ಯಾಂಕಿಲ್ಲ. ಓದು, ಬರಹ, ಲೆಕ್ಕ ಒಂದೊಂದಕ್ಕೂ 'ಬರುತ್ತದೆ', 'ಕಲಿಯುತ್ತಿದ್ದಾಳೆ', 'ಸಹಾಯ ಬೇಕು' ಎಂದು ಬರೆದು ಕೊಡುತ್ತೇವೆ ಎಂದು ನಾನು ವಿವರಿಸುತ್ತಿದ್ದೆ. ಹಿಂದಿನ ಬೆಂಚಿನಿಂದ ಕಾಕಾ ಎದ್ದ.

"ಅದೆಲ್ಲಾ ಇರಲಿ. ನೂರಕ್ಕ ಎಷ್ಟವಾ?"

"ನೂರಕ್ಕ ಅಂತ ಇಲ್ರೀ ಕಾಕಾ. ಏನ ಬರತೈತಿ, ಏನ ಬರೂದಿಲ್ಲ, ಅಷ್ಟ ನೋಡೂದು."

"ಫ್ಯಾಕ್ಟರಿಗೆ ಕಬ್ಬ ಒಯ್ದರ ತೂಕಾ ಹೇಳೂದಿಲ್ಲೇನು? 'ಕಬ್ಬ ಬೆಳ್ಯಾಕ ಹತ್ತೈತಿ' ಅಂತ ಚೀಟಿ ಕೊಟ್ರ ಸುಮ್ನ ಬರತೇವೇನು?"

ಸಭೆಯೆಲ್ಲ ಚಪ್ಪಾಳೆ! ಈ ಹೊಸ ಪದ್ಧತಿಗೆಂದು ಪಡೆದ ನನ್ನ ತರಬೇತಿಯೆಲ್ಲ ಮಣ್ಣುಪಾಲು. ನನಗೂ ಸಿಟ್ಟು ನೆತ್ತಿಗೇರಿತು. ನಾನೂ ಅದೇ ಮನೆತನದವಳಲ್ಲವೇ?

ಮರುದಿನ ಊಟದ ಹೊತ್ತಿಗೆ ಅವನ ಹೆಂಡತಿ, ನಮ್ಮ ಕಾಕು, "ರೊಟ್ಟಿ ಹೆಂಗಾಗ್ಯಾವ್ರಿ?" ಎಂದು ಕೇಳಿದ್ದಕ್ಕೆ, ಕಾಕಾ ನನ್ನನ್ನು ಅಣಕಿಸುತ್ತ, "ಬಡಿಯೂದು ಬರತೈತಿ. ಬೇಯಿಸೂದಕ್ಕ ಸಹಾಯ ಬೇಕು" ಎಂದನಂತೆ.

"ಹಂಗಾರ ಬರ್ರಿ, ಮಾಡ್ರಿ ಸಹಾಯ!" ಎಂದು ಕಾಕು ಒಲೆ ಬಿಟ್ಟು ಎದ್ದಳು. ಅಂದು ಕಾಕಾ ಉಂಡದ್ದು ರೊಟ್ಟಿಯಲ್ಲ, ಇದ್ದಿಲು!

ಮೊದಲ ಪರೀಕ್ಷೆ ಮುಗಿಯಿತು. ಮೊಮ್ಮಗಳ ಓದಿನ ಮುಂದೆ 'ಸಹಾಯ ಬೇಕು' ಎಂದು ಬರೆದೆ. ಕಾಕಾ ಶಾಲೆಯ ಬಾಗಿಲಲ್ಲೇ ಗುಡುಗಿದ.

"ಸಹಾಯ ಬೇಕಂತ ಬರದೀಯಲ್ಲಾ, ಯಾರ ಮಾಡಬೇಕು? ಅದನ್ಯಾಕ ಬರದಿಲ್ಲ?"

"ಸಾಲ್ಯಾಗ ನಾ ಮಾಡತೇನಿ. ಮನ್ಯಾಗ ನೀವ ಮಾಡ್ರಿ! ದಿನಾ ಬಾಜೂಕ ಕುಂತು ಓದಸ್ರಿ!" ಎಂದು ನಾನೂ ಕೂಗಿದೆ. ಬರುತ್ತೇನೆಂದೂ ಹೇಳದೆ ಹೊರಟುಹೋದ.

ದೀಪಾವಳಿ ರಜೆಯಲ್ಲಿ ದೊಡವಾಡಕ್ಕೆ ಹೋದೆ. ಮನೆಯ ಕಟ್ಟೆಯ ಮೇಲೆ ಹುಡುಗಿ ಗಟ್ಟಿಯಾಗಿ ಪಾಠ ಓದುತ್ತಿದ್ದಳು, ಪಕ್ಕದಲ್ಲಿ ಕಾಕಾ. ನಾನೂ ಕುಳಿತೆ. 'ನಕ್ಷತ್ರ' ಎಂಬ ಪದದ ಮುಂದೆ ಅವಳು ನಿಂತುಬಿಟ್ಟಳು. ತುಟಿ ಅಲುಗುತ್ತಿತ್ತು, ಧ್ವನಿ ಬರುತ್ತಿರಲಿಲ್ಲ. ಕಾಕಾ ಗದರಲಿಲ್ಲ, ಹೇಳಿಕೊಡಲಿಲ್ಲ. ತಡೆಯಲಾರದೆ ನಾನೇ "ನಕ್..." ಎನ್ನುವಷ್ಟರಲ್ಲಿ ನನ್ನ ಕೈ ಹಿಡಿದ.

"ತಡಿ ಯವ್ವಾ," ಎಂದು ಪಿಸುಗುಟ್ಟಿದ. ಆ ಮನುಷ್ಯನಿಗೆ ಪಿಸುಗುಟ್ಟಲು ಬರುತ್ತದೆಂದು ನನಗೆ ಗೊತ್ತೇ ಇರಲಿಲ್ಲ! "ಅವಸರ ಮಾಡಬ್ಯಾಡ. ಅಕೀಗೆ ಗೊತ್ತೈತಿ."